ಕೆಂಚು, ಕಂದು, ಕೆಂಗಂದು: ಕೂದಲ ಬಣ್ಣದ ಹೆಸರುಗಳ ಚರಿತ್ರೆಯನ್ನು ಕುರಿತು

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಪಕ್ಷಿಪ್ರಿಯರಿಗೆ ಚಿರಪರಿಚಿತವಾದ ಊರು. ಶಿಂಷಾ ನದಿಗೆ ಸಮೀಪದ ಈ ಹಳ್ಳಿಯಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮನೆಗಳ ನಡುವಿನ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಊರಿನವರು ಅವುಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆಂಬ ಮಾತು ಪ್ರಸಿದ್ಧವಾಗಿದೆ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಆದರೆ ಪ್ರಸ್ತುತ ಲೇಖನದ ಪ್ರಶ್ನೆ ಹುಟ್ಟುವುದು ಈ ಪ್ರಸಿದ್ಧ ಅತಿಥಿಗಳಿಂದಲ್ಲ, ಆ ಸೀಮೆಯ ಗದ್ದೆಬಯಲುಗಳಲ್ಲಿ ದನಗಳ ಹಿಂದೆ ಹುಳು ಹೆಕ್ಕುತ್ತ ನಡೆಯುವ ಸಾಮಾನ್ಯ ಬೆಳ್ಳಕ್ಕಿಯಿಂದ. ಮರಿ ಮಾಡುವ ಕಾಲ ಬಂತೆಂದರೆ ಈ ಹಕ್ಕಿಯ ತಲೆ, ಕತ್ತು ಮತ್ತು ಬೆನ್ನಿನ ಗರಿಗಳು ಕೆಂಚಗಾಗುತ್ತವೆ. ಆಗಲೂ ಅದರ ಹೆಸರು ಬೆಳ್ಳಕ್ಕಿಯೇ. ಹೆಸರಿನೊಳಗಿನ 'ಬೆಳ್' ಬಿಳುಪನ್ನು ಹೇಳುತ್ತದೆ, ತಲೆಯ ಗರಿ ಬೇರೆ ಬಣ್ಣವನ್ನು ತೋರಿಸುತ್ತದೆ, ಆಡುವವರಿಗೆ ಇದರಲ್ಲಿ ಯಾವ ವಿರೋಧವೂ ಕಾಣುವುದಿಲ್ಲ.

ಊರಿನ ಹೆಸರಿನಲ್ಲಿಯೂ 'ಬೆಳ್' ಇರುವಂತೆ ತೋರುತ್ತದೆ. ಬೆಳ್ + ಊರು ಸೇರಿದಾಗ ಹ್ರಸ್ವ ಸ್ವರದ ಮುಂದಿನ ವ್ಯಂಜನ ಇಮ್ಮಡಿಸಿ ಬೆಳ್ಳೂರು ಆಗುವುದು ಕನ್ನಡದ ಸಂಧಿಗೆ ಒಗ್ಗುವ ರೂಪವೇ ಸರಿ. ಆದರೆ ರೂಪ ಒಗ್ಗುತ್ತದೆ ಎಂದ ಮಾತ್ರಕ್ಕೆ ನಿಷ್ಪತ್ತಿ ಸಿದ್ಧವಾಗುವುದಿಲ್ಲ. ಸ್ಥಳನಾಮಗಳ ಒಳಗೆ ಬಣ್ಣವನ್ನು ಹುಡುಕುವ ಉತ್ಸಾಹಕ್ಕೆ ಇಲ್ಲಿ ಕಡಿವಾಣ ಹಾಕಿ, ಹಕ್ಕಿಯ ತಲೆಯ ಬಣ್ಣಕ್ಕೆ ಬರೋಣ.

ಆ ಬಣ್ಣಕ್ಕೆ, ಅದು ಮನುಷ್ಯರ ಕೂದಲಲ್ಲಿ ಕಾಣಿಸಿಕೊಂಡಾಗ, ಇಂಗ್ಲಿಷಿನಲ್ಲಿ ಆಬರ್ನ್ ಎಂಬ ಪ್ರತ್ಯೇಕ ಪದವಿದೆ. ಇಂಗ್ಲಿಷ್–ಕನ್ನಡ ಕೋಶಕಾರರೂ ಅನುವಾದಕರೂ ಇದಕ್ಕೆ ಕೊಡುವ ಸಮಾನಪದ ಸಾಮಾನ್ಯವಾಗಿ 'ಕೆಂಗಂದು' ಅಥವಾ 'ಕೆಂಪು ಮಿಶ್ರಿತ ಕಂದು'. ಆಡುಮಾತಿನಲ್ಲಿ ಅದೇ ಕೂದಲಿಗೆ 'ಕೆಂಚು' ಎನ್ನುತ್ತಾರೆ. ಈ ಎರಡು ಉತ್ತರಗಳ ನಡುವಿನ ಅಂತರ ಕೇವಲ ಶಿಷ್ಟ–ಗ್ರಾಮ್ಯ ಭೇದವಲ್ಲವೆಂಬುದು ನಮ್ಮ ವಾದ. ಕೆಂಚು ಬಣ್ಣವನ್ನು ಅದನ್ನು ಹೊತ್ತ ದೇಹದೊಡನೆ ಹೇಳುವ ಪದ. ಕಂದು ದೇಹದಿಂದ ಬಿಡಿಸಿಕೊಂಡು ಬಣ್ಣವಷ್ಟೇ ಆಗಲು ತನ್ನ ಹಳೆಯ ಅರ್ಥವನ್ನು ತೊರೆದ ಪದ. ಹೀಗೆ ನೋಡಿದಾಗ ಆಬರ್ನ್ ಪದದ ಚರಿತ್ರೆಗೆ ಕನ್ನಡದಲ್ಲಿ ನಿಜವಾದ ಹೋಲಿಕೆ ದೊರೆಯುವುದು ಅದರ ಸಮಾನಾರ್ಥಕವಾದ ಕೆಂಚುವಿನಲ್ಲಲ್ಲ, ಕಂದುವಿನಲ್ಲಿ.

ಆಬರ್ನ್: ಬಿಳುಪಿನಿಂದ ಕೆಂಗಂದಿಗೆ

ಈ ಪದದ ಮೂಲ ಲ್ಯಾಟಿನ್ನಿನ ಆಲ್ಬುಸ್, ಅಂದರೆ ಬಿಳಿ. ಅದರಿಂದ ಬಂದ ಆಲ್ಬುರ್ನುಸ್ ಎಂಬುದಕ್ಕೆ 'ಬಿಳಿಚಾದ' ಎಂದರ್ಥ. ಇದರ ಬಳಗದ ಇತರ ಪದಗಳು ಇಂದಿಗೂ ಬಿಳುಪನ್ನು ಬಿಟ್ಟುಕೊಟ್ಟಿಲ್ಲ: ಮರದ ಕಾಂಡದಲ್ಲಿ ತೊಗಟೆಯ ಒಳಗಿರುವ ತಿಳಿಬಣ್ಣದ ಎಳೆಮರಕ್ಕೆ ಸಸ್ಯಶಾಸ್ತ್ರದಲ್ಲಿ ಆಲ್ಬರ್ನಮ್ ಎಂಬ ಹೆಸರಿದೆ, ಯುರೋಪಿನ ನದಿಗಳ ಬೆಳ್ಳಿಮೈಯ ಸಣ್ಣ ಮೀನೊಂದರ ಕುಲನಾಮ ಆಲ್ಬರ್ನಸ್. ಹಳೆಯ ಫ್ರೆಂಚಿನಲ್ಲಿ ವ್ಯಂಜನದ ಹಿಂದಿನ ಲಕಾರ ಉಕಾರವಾಗಿ ಮಾರ್ಪಡುವ ನಿಯಮಕ್ಕೆ ಒಳಪಟ್ಟು ಆಲ್ಬೋರ್ನ್ ಎಂಬುದು ಔಬೋರ್ನ್ ಆಯಿತು. 15ನೇ ಶತಮಾನದಲ್ಲಿ ಈ ರೂಪವನ್ನು ಇಂಗ್ಲಿಷ್ ತೆಗೆದುಕೊಂಡಾಗ ಅದರ ಅರ್ಥ ನಸುಹಳದಿ ಬೆರೆತ ಬಿಳುಪು, ನಾರಿನಂತಹ ತಿಳಿಗೂದಲು. ಕೆಂಪಿನ ಸುಳಿವೂ ಅದರಲ್ಲಿರಲಿಲ್ಲ.

16 ಮತ್ತು 17ನೇ ಶತಮಾನಗಳಲ್ಲಿ ಇದೇ ಪದವನ್ನು ಅಬ್ರನ್, ಅಬ್ರೌನ್ ಎಂದು ಓದಿಸುವ ಕಾಗುಣಿತಗಳು ಕಾಣಿಸಿಕೊಳ್ಳುತ್ತವೆ. ರಕಾರ ಸ್ಥಾನ ಪಲ್ಲಟಗೊಂಡು ಪದದೊಳಗೆ ಬ್ರೌನ್ ಕೇಳಿಸತೊಡಗಿತು. ಕೇಳಿಸಿದ್ದು ಅರ್ಥವನ್ನು ತನ್ನ ಕಡೆಗೆ ಎಳೆಯಿತು. ಜನಪದ ನಿಷ್ಪತ್ತಿಯಿಂದ ರೂಪ ಬದಲಾಗುವುದು ಎಲ್ಲ ಭಾಷೆಗಳಲ್ಲಿಯೂ ಸಾಮಾನ್ಯ. ಇಲ್ಲಿ ವಿಶೇಷವೆಂದರೆ, ಬದಲಾದ ರೂಪ ಮುಂದೆ ಮರೆಯಾಗಿ ಹಳೆಯ ರೂಪವೇ ನೆಲೆನಿಂತಿತು, ಬದಲಾದ ಅರ್ಥ ಮಾತ್ರ ಉಳಿಯಿತು. ಇಂದಿನ ಕಾಗುಣಿತವನ್ನಷ್ಟೇ ನೋಡುವವರಿಗೆ ಅರ್ಥ ಬದಲಾದದ್ದೇಕೆ ಎಂಬುದರ ಸಾಕ್ಷ್ಯವೇ ಸಿಗುವುದಿಲ್ಲ. ಧ್ವನಿಸಾಮ್ಯವೊಂದನ್ನೇ ಕಾರಣವೆನ್ನುವುದು ನಮಗೆ ಪೂರ್ತಿ ಒಪ್ಪಿಗೆಯಿಲ್ಲ. ಬಾಲ್ಯದಲ್ಲಿ ತಿಳಿಯಾಗಿದ್ದ ಕೂದಲು ವಯಸ್ಸಾದಂತೆ ಕಂದುಗಟ್ಟುವುದು ಆ ಜನರಲ್ಲಿ ಸಾಮಾನ್ಯ. ಒಂದೇ ತಲೆ ಪದದ ಎರಡೂ ಅರ್ಥಗಳನ್ನು ಹೊತ್ತಿರಬಲ್ಲದು. ಹೊರುವ ವಸ್ತು ಕೂದಲೇ ಆಗಿ ಉಳಿದದ್ದರಿಂದಲೇ ಬಣ್ಣ ಅಷ್ಟು ದೂರ ಸರಿಯಲು ಸಾಧ್ಯವಾಯಿತು ಎಂದು ನಮಗೆ ತೋರುತ್ತದೆ. (1770ರ ಗೋಲ್ಡ್‌ಸ್ಮಿತ್‌ನ ಪ್ರಸಿದ್ಧ ಕವನದ ಹಳ್ಳಿಗೂ ಆಬರ್ನ್ ಎಂದೇ ಹೆಸರು. ಊರ ಹೆಸರನ್ನು ಕೂದಲಿಗೆ ಗಂಟುಹಾಕಬಾರದೆಂಬ ಬೆಳ್ಳೂರಿನ ಎಚ್ಚರಿಕೆ ಅಲ್ಲಿಗೂ ಸಲ್ಲುತ್ತದೆ.)

ಕಂದು: ಸುಡುವುದರಿಂದ ಬಣ್ಣಕ್ಕೆ

ಇಂದಿನ ಶಿಷ್ಟ ಕನ್ನಡದಲ್ಲಿ ಕಂದು ಎಂದರೆ ಬ್ರೌನ್. ಪಠ್ಯಪುಸ್ತಕ, ಪಕ್ಷಿ ಕೈಪಿಡಿ, ಬಣ್ಣದ ಡಬ್ಬಿ ಎಲ್ಲೆಡೆಯೂ ಇದೇ ಅರ್ಥ. ಆದರೆ ಕಂದು ಮೂಲತಃ ಕ್ರಿಯಾಪದ: ಕಾವಿಗೆ ಸೀಯು, ಬಾಡು, ಕಳೆಗುಂದು, ಕಪ್ಪಿಡು. ಮುಖ ಕಂದಿತು ಎಂದಾಗ ಇಂದಿಗೂ ಯಾರೂ ಮುಖ ಬ್ರೌನ್ ಬಣ್ಣಕ್ಕೆ ತಿರುಗಿತೆಂದು ತಿಳಿಯುವುದಿಲ್ಲ. ತಮಿಳಿನ ಸಜಾತಿ ಪದ 'ಕನ್ಱು'. ಅದಕ್ಕೂ ಬೇಯು, ಕನ್ನಿ ಕಪ್ಪಾಗು ಎಂಬ ಅರ್ಥಗಳಿವೆ. ಒಂದು : ಒನ್ಱು, ಹಂದಿ : ಪನ್ಱಿ ಎಂಬ ಜೋಡಿಗಳಲ್ಲಿ ಕಾಣುವ ನಿಯತ ಧ್ವನಿ ಸಂವಾದವೇ ಇಲ್ಲಿಯೂ ಇದೆ.

ನಾಮಪದವಾಗಿ ಬಳಕೆಯಾದಾಗ ಹಳೆಯ ಕನ್ನಡದ ಕಂದು ಕಪ್ಪನ್ನು, ಕಲೆಯನ್ನು ಸೂಚಿಸುತ್ತಿತ್ತು. ಇದಕ್ಕೆ ಅತ್ಯಂತ ಸ್ಪಷ್ಟ ನಿದರ್ಶನ ಕಂದುಗೊರಲ ಎಂಬ ಸಮಾಸ. ಶೈವ ಪರಂಪರೆಯ ಕನ್ನಡ ಸಾಹಿತ್ಯದಲ್ಲಿ ಶಿವನಿಗೆ ಸಂದ ಈ ಹೆಸರು ನೀಲಕಂಠ ಎಂಬುದರ ಕನ್ನಡ ರೂಪ. ಹಾಲಾಹಲದ ಕಾವಿಗೆ ಕೊರಳು ಕಂದಿತು, ಆದ್ದರಿಂದ ಕಂದುಗೊರಲ. ಇಲ್ಲಿ ಕಂದು ಬಣ್ಣದ ಹೆಸರಿಗಿಂತ ಹೆಚ್ಚಾಗಿ ಒಂದು ಘಟನೆಯ ಗುರುತು. ಅದನ್ನು ಇಂದಿನ ಕಂದುವಿನಿಂದ ಓದಿದರೆ ಶಿವನ ಕೊರಳು ಕಾಫಿಪುಡಿಯ ಬಣ್ಣಕ್ಕೆ ಬರುತ್ತದೆ! ಇದು ಬರಿಯ ನಗೆಯ ಮಾತಲ್ಲ. ಪದಗಳನ್ನು ಯಂತ್ರದ ನೆರವಿನಿಂದ ಹೊಂದಿಸಿ ಹಳಗನ್ನಡದ ಬಣ್ಣಸೂಚಕಗಳ ಪಟ್ಟಿ ಮಾಡಹೊರಡುವ ಸಂಶೋಧಕರು ಎಚ್ಚರ ತಪ್ಪಿದರೆ ಇಂಥ ತಪ್ಪು ಸಾಲುಸಾಲಾಗಿ ನುಸುಳುತ್ತದೆ. ಹಾಗೆಯೇ 15ನೇ ಶತಮಾನದ ಇಂಗ್ಲಿಷ್ ಪಠ್ಯದ ಆಬರ್ನ್ ಕೂದಲನ್ನು ಕೆಂಗೂದಲೆಂದು ಅನುವಾದಿಸುವವರೂ ಅದೇ ಹಳ್ಳಕ್ಕೆ ಬೀಳುತ್ತಾರೆ.

ಕಪ್ಪಿನಿಂದ ಬ್ರೌನ್‌ಗೆ ದಾಟಿಸಿದ ಸೇತುವೆ ಯಾವುದು? ಬಿಸಿಲಿಗೆ ಕಂದಿದ ಎಲೆ, ಕಾವಿಗೆ ಕಂದಿದ ಕಾಗದ, ಬೇಗೆಗೆ ಕಂದಿದ ಹುಲ್ಲು ಮುಂತಾದವು ಸೀದ ವಸ್ತುಗಳೂ ಹೌದು, ಕಂದುಬಣ್ಣದ ವಸ್ತುಗಳೂ ಹೌದು. ಇಂಥ ಪ್ರಯೋಗಗಳಲ್ಲಿ ಕ್ರಿಯೆಯ ಫಲವಾದ ಬಣ್ಣವೇ ಪದದ ಅರ್ಥವಾಗಿ ನಿಲ್ಲಲು ಅವಕಾಶವಿತ್ತು. ಬ್ರೌನ್ ಎಂಬುದಕ್ಕೆ ಯಾವ ವಸ್ತುವಿಗಾದರೂ ಒಪ್ಪುವ ಒಂದು ಸಾಮಾನ್ಯ ನಾಮ ಬೇಕಾದಾಗ ಕಂದು ಆ ಸ್ಥಾನಕ್ಕೆ ಸಿದ್ಧವಾಗಿತ್ತು. ಇಂಗ್ಲಿಷಿನಲ್ಲಿ ಆಬರ್ನನ್ನು ಎಳೆದದ್ದು ಪಕ್ಕದ ಪದದ ಧ್ವನಿ. ಕನ್ನಡದಲ್ಲಿ ಕಂದುವನ್ನು ಎಳೆದದ್ದು ಖಾಲಿಯಿದ್ದ ಸ್ಥಾನ. ಕ್ರಿಯಾಪದವಾದರೋ ಈ ಪಯಣದಲ್ಲಿ ಜೊತೆಗೂಡಲಿಲ್ಲ. 'ಕಂದು ಮುಖ' ಮತ್ತು 'ಕಂದಿದ ಮುಖ' ಎಂಬುವುಗಳನ್ನು ಅಕ್ಕಪಕ್ಕದಲ್ಲಿಟ್ಟರೆ ನಾಮ ಮತ್ತು ಕ್ರಿಯೆ ಎಷ್ಟು ದೂರವಾಗಿವೆ ಎಂಬುದು ತಿಳಿಯುತ್ತದೆ.

ಕೆಂಚು: ಒಡೆಯನನ್ನು ಬಿಡದ ಬಣ್ಣ

ಕೆಂಚು ಪದದ ಮೊದಲ ಭಾಗ ಕೆಂಪು, ಕೆಂಗಣ್ಣು, ಕೆಂದಾವರೆ, ಕೆಮ್ಮಣ್ಣುಗಳಲ್ಲಿ ಕಾಣುವ 'ಕೆಂ'. ತಮಿಳಿನಲ್ಲಿ ಪೂರ್ವಸ್ವರಗಳ ಹಿಂದೆ ಕಕಾರ ಚಕಾರವಾಗುವುದರಿಂದ ಅಲ್ಲಿ ಇದು 'ಚೆಂ' ಆಗಿದೆ. ಕನ್ನಡ ಕಿವಿ, ತಮಿಳು ಚೆವಿ ಇದ್ದಂತೆ. ಇಂಥದೇ ಕೂದಲಿಗೆ ತಮಿಳರು ಬಳಸುವ 'ಚೆಂಪಟ್ಟೈ' ಪದವೂ ಈ ಚೆಂ ರೂಪದಿಂದಲೇ ಆರಂಭವಾಗುತ್ತದೆ. ಎರಡೂ ಭಾಷೆಗಳು ಆಬರ್ನ್ ಕೂದಲನ್ನು ಕೆಂಪಿನ ಕಡೆಯಿಂದ ಹಿಡಿದಿವೆ, ಕಪ್ಪಿನ ಕಡೆಯಿಂದಲ್ಲ.

ಇದಕ್ಕೆ ಕಾರಣ ಸರಳ. 'ಕೆಂ' ಎಂಬುದರ ವ್ಯಾಪ್ತಿ ಇಂದಿನ ಕೆಂಪಿಗಿಂತ ಬಹಳ ವಿಶಾಲ. ಕಾಡುನಾಯಿಗೆ ಕೆನ್ನಾಯಿ ಎನ್ನುತ್ತೇವೆ. ಅದರ ಮೈ ಕೆಂಗಂದು. ಕೆಂಬೂತದ ರೆಕ್ಕೆಯೂ ಅಷ್ಟೇ. ಕೆಂದ ಎಂದು ಕರೆಯುವ ಎತ್ತಿನ ಮೈಯಲ್ಲಿ ರಕ್ತದ ಕೆಂಪೇನೂ ಇಲ್ಲ. ಶಿವನ ಕೆಂಜೆಡೆಯೂ ದಾಸವಾಳದ ಬಣ್ಣದ್ದಲ್ಲ. ಎಣ್ಣೆಗಾಣದ ತಪಸ್ವಿಯ ಜಡೆಯ ಬಣ್ಣ. ಒಬ್ಬನೇ ದೇವರು ಕೆಂಜೆಡೆಯವನೂ ಕಂದುಗೊರಲನೂ ಆಗಿರುವುದು ನಮ್ಮ ಪ್ರಸ್ತಾಪಕ್ಕೆ ಒದಗಿದ ಒಳ್ಳೆಯ ಪುರಾವೆ: ಇಂದು ಕಂದಿನ ವರ್ಗಕ್ಕೆ ಸೇರಬೇಕಾದ ಕೂದಲು ಅಲ್ಲಿ 'ಕೆಂ' ವರ್ಗದಲ್ಲಿದೆ, ಇಂದು ಕಪ್ಪು ಅಥವಾ ನೀಲಿಯ ವರ್ಗಕ್ಕೆ ಸೇರುವ ಕೊರಳು ಕಂದಿನ ವರ್ಗದಲ್ಲಿದೆ.

ಕೆಂಚು ಸಲ್ಲುವುದು ಕೂದಲು, ಮೀಸೆ, ಗಡ್ಡಗಳಿಗೆ; ಬೆಕ್ಕು, ನಾಯಿಗಳ ಮೈಗೆ; ಮೈಬಣ್ಣದ ಮೂಲಕ ವ್ಯಕ್ತಿಗೆ. ಕೆಂಚು ಸೀರೆ, ಕೆಂಚು ಗೋಡೆ ಎಂದರೆ ಕನ್ನಡದ ಕಿವಿಗೆ ಒಗ್ಗುವುದಿಲ್ಲ. ಬರ್ಲಿನ್ ಮತ್ತು ಕೇ ಅವರು 1969ರ ತಮ್ಮ ಕೃತಿಯಲ್ಲಿ ಮೂಲಭೂತ ಬಣ್ಣಪದವನ್ನು ಗುರುತಿಸಲು ಕೊಟ್ಟ ಮಾನದಂಡಗಳಲ್ಲೊಂದು, ಪದದ ಬಳಕೆ ಕಿರಿದಾದ ವಸ್ತುವರ್ಗವೊಂದಕ್ಕೆ ಸೀಮಿತವಾಗಿರಬಾರದು ಎಂಬುದು. ಇಂಗ್ಲಿಷಿನ ಬ್ಲಾಂಡ್ ಈ ಮಾನದಂಡದಲ್ಲಿ ಸೋಲುತ್ತದೆ; ಆಬರ್ನ್ ಹಾಗೂ ಕೆಂಚು ಕೂಡ. ಕಂದು ಸುಲಭವಾಗಿ ಗೆಲ್ಲುತ್ತದೆ. ಇಷ್ಟಕ್ಕೇ ನಿಂತರೆ ಕನ್ನಡದ ಮೂಲಭೂತ ಬಣ್ಣಪದಗಳ ಪಟ್ಟಿಗೆ ಕಂದುವನ್ನು ಸೇರಿಸಿ ಕೆಂಚುವನ್ನು ಹೊರಗಿಡಬಹುದು.

ಆದರೆ ಪದರಚನೆಯ ಸಾಕ್ಷ್ಯ ಇದಕ್ಕೆ ನೇರ ವಿರುದ್ಧವಾಗಿದೆ. ಕನ್ನಡದ ಹಳೆಯ ಗುಣವಾಚಿ ಪ್ರಕೃತಿಗಳಿಗೆ -ಗೆ ಹತ್ತಿ ಕ್ರಿಯಾವಿಶೇಷಣ ರೂಪ ಸಿದ್ಧಿಸುತ್ತದೆ: ತಣ್ಣಗೆ, ಬೆಚ್ಚಗೆ, ತೆಳ್ಳಗೆ, ಮೆತ್ತಗೆ. ಬಣ್ಣಗಳಲ್ಲಿ ಬೆಳ್ಳಗೆ, ಕರ್ರಗೆ, ಕೆಂಪಗೆ, ಹಚ್ಚಗೆ. ನೀಲಿ, ಹಳದಿಗಳಿಗೆ ಈ ಭಾಗ್ಯವಿಲ್ಲ. ಅವು ನೀಲಿಯಾಗಿ, ಹಳದಿಯಾಗಿ ಎಂದು ಸುತ್ತುದಾರಿ ಹಿಡಿಯಬೇಕು. ಕಂದುವಿನದೂ ಅದೇ ಪಾಡು: ಕಂದಗೆ ಎಂಬ ರೂಪವಿಲ್ಲ, ಕಂದುಬಣ್ಣಕ್ಕೆ ಎನ್ನಬೇಕು. ಕೆಂಚು ಮಾತ್ರ ಹಳಬರ ಸಾಲಿನಲ್ಲಿಯೇ ಕುಳಿತಿದೆ: ಕೆಂಚಗೆ, ಕೆಂಚಗಾಗು, ಕೆಂಚಗಿನ ಕೂದಲು. ಇನ್ನು ಬಣ್ಣದಿಂದ ವ್ಯಕ್ತಿನಾಮವನ್ನು ಕಟ್ಟುವ ಕ್ರಮವನ್ನು ನೋಡಿದರೆ ಕರಿಯ, ಬಿಳಿಯ, ಕೆಂಪ, ಕೆಂಪಿ, ಕೆಂಚ, ಕೆಂಚಿ ಎಲ್ಲವೂ ಸಹಜ. ಕಂದುವಿನಿಂದ ಹಾಗೆ ಕಟ್ಟಿದರೆ ದೊರೆಯುವುದು 'ಕಂದ'; ಆ ಸ್ಥಾನವನ್ನು ತೊಟ್ಟಿಲ ಮಗು ಎಂದೋ ಆಕ್ರಮಿಸಿಕೊಂಡಿದೆ.

ಹೀಗೆ ಅರ್ಥವ್ಯಾಪ್ತಿಯ ಮಾನದಂಡ ಒಂದು ಪದವನ್ನು ಆರಿಸುತ್ತದೆ, ಪದರಚನೆಯ ಮಾನದಂಡ ಇನ್ನೊಂದನ್ನು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಮೊತ್ತ ತೆಗೆಯುವುದು ನಮಗೆ ಸರಿಯೆನಿಸದು. ಪದರಚನೆ ಚರಿತ್ರೆಯನ್ನು ಹೇಳುತ್ತದೆ, ವ್ಯಾಪ್ತಿ ಇಂದಿನ ಅಗತ್ಯವನ್ನು ಹೇಳುತ್ತದೆ. ಕೆಂಗಂದು ಎಂಬ ಸಮಾಸ ಈ ಎರಡರ ನಡುವೆ ಮಾಡಿಕೊಂಡ ರಾಜಿಯಂತಿದೆ: ಹಳೆಯ 'ಕೆಂ' ಮುಂದೆ ನಿಂತು, 13ನೇ ಶತಮಾನದ ಕೇಶಿರಾಜನ ವ್ಯಾಕರಣ ವಿವರಿಸುವ ಗದಬಾದೇಶವನ್ನೂ ಪಾಲಿಸಿ, ಹೊಸ ಅರ್ಥದ ಕಂದುವಿಗೆ ಜೊತೆಯಾಗಿದೆ. ಮದ್ದೂರು, ಮಳವಳ್ಳಿ ಕಡೆಯ ಮನೆಮಾತಿನಲ್ಲಿ ಇದನ್ನು ಕೇಳುವ ನಿರೀಕ್ಷೆ ಬೇಡ. ಅಲ್ಲಿ ಬಟ್ಟೆಗೆ ಕಾಫಿ ಕಲರ್ ಅಥವಾ ಬ್ರೌನು, ತಲೆಗೆ ಕೆಂಚು.

ಹೊರುವವರೂ ಬೆಲೆಯೂ

ಬಣ್ಣಪದಕ್ಕೆ ಒಡೆಯನಿದ್ದಾಗ ಆ ಒಡೆಯನ ಬೆಲೆಯೂ ಪದಕ್ಕೆ ಅಂಟಿಕೊಳ್ಳುತ್ತದೆ. ಸಂಸ್ಕೃತದಲ್ಲಿ ಈ ಛಾಯೆಗೆ ಪದಗಳ ಕೊರತೆಯಿಲ್ಲ: ಅಮರಕೋಶವು ಕಡಾರ, ಕಪಿಲ, ಪಿಂಗ, ಪಿಶಂಗ, ಕದ್ರು, ಪಿಂಗಲಗಳನ್ನು ಒಟ್ಟಿಗೆ ಇಡುತ್ತದೆ. ಇವುಗಳಲ್ಲಿ ಕಪಿಲದ ಪಾಡು ವಿಚಿತ್ರವಾಗಿದೆ. ಕ್ರಿ.ಪೂ. 2ನೇ ಶತಮಾನದ ಪತಂಜಲಿ ಮಹಾಭಾಷ್ಯದಲ್ಲಿ ಬ್ರಾಹ್ಮಣನ ಲಕ್ಷಣಗಳನ್ನು ಎಣಿಸುವಾಗ ಗೌರವರ್ಣ, ಶುಚಿಯಾದ ಆಚಾರಗಳ ಜೊತೆಗೆ ಕಪಿಲಕೇಶವನ್ನೂ ಸೇರಿಸುತ್ತಾನೆ. ಮನುಸ್ಮೃತಿಯ ಮೂರನೆಯ ಅಧ್ಯಾಯವಾದರೋ ಕಪಿಲೆಯಾದ ಕನ್ಯೆಯನ್ನು ವರಿಸಬಾರದೆನ್ನುತ್ತದೆ. ಅಲ್ಲಿ ಕೂದಲೆಂಬ ಪದವಿಲ್ಲ; 1886ರ ಇಂಗ್ಲಿಷ್ ಅನುವಾದದಲ್ಲಿ ಬ್ಯೂಲರ್ ಅದನ್ನು ಆವರಣದೊಳಗೆ ತಾನಾಗಿ ಸೇರಿಸಬೇಕಾಯಿತು. ಇತ್ತ ಕಪಿಲೆ ಹಸುವಿನ ದಾನ ಪುರಾಣಗಳಲ್ಲಿ ಮಹಾಪುಣ್ಯ. ಗಂಡಸಿನ ತಲೆಯ ಮೇಲೆ ಕುಲದ ಗುರುತು, ಹೆಣ್ಣಿನಲ್ಲಿ ದೋಷ, ಹಸುವಿನಲ್ಲಿ ಪಾವಿತ್ರ್ಯ. ಬಣ್ಣ ಒಂದೇ.

ಕೆಂಚುವಿಗೂ ಇಂಥದೇ ಏರಿಳಿತವಿದೆ. ಕೆಂಚಮ್ಮ ಗ್ರಾಮದೇವತೆ, ರಾಜಾರಾವ್ ಅವರ 1938ರ 'ಕಾಂತಾಪುರ' ಕಾದಂಬರಿಯಲ್ಲಿ ಆಕೆಯ ಬೆಟ್ಟದ ಕೆಂಪಿಗೆ ರಕ್ಕಸನ ರಕ್ತವೇ ಕಾರಣ. ಕೆಂಚಪ್ಪ, ಕೆಂಚಯ್ಯ ಎಂಬ ಹೆಸರುಗಳಿಗೆ ಹಳೆಯ ಮೈಸೂರು ಸೀಮೆಯಲ್ಲಿ ಗೌರವದ ನೆಲೆಯಿದೆ. ಆದರೆ ಮಗುವಿನ ಕೂದಲು ಕೆಂಚಗಿದೆ ಎಂದಾಗ ಎಣ್ಣೆ ಕಾಣದ, ಆರೈಕೆಯಿಲ್ಲದ ತಲೆ ಎಂಬ ಧ್ವನಿ ಹೊರಡುತ್ತದೆ. ಅನುವಾದಕರು ಇಂಗ್ಲಿಷ್ ಕಾದಂಬರಿಯ ನಾಯಕಿಗೆ ಕೆಂಚುಗೂದಲನ್ನು ಕೊಡಲು ಹಿಂಜರಿದು ಕೆಂಗಂದಿಗೆ ಮೊರೆಹೋಗುವುದು ಇದೇ ಕಾರಣಕ್ಕಿರಬೇಕು. ಹಿಂಜರಿಕೆ ಅರ್ಥವಾಗುವಂಥದ್ದೇ, ಆದರೆ ಅದೇ ಹಿಂಜರಿಕೆ ಪ್ರಶ್ನಾವಳಿಗಳಿಗೂ ಹಬ್ಬಿದರೆ ನಷ್ಟವುಂಟು.

ಆ ಧ್ವನಿಯ ಹಿಂದೆ ನಿಜವಾದ ಒಂದು ಅವಲೋಕನವಿದೆ. ಕಪ್ಪು ಕೂದಲಿನ ಮಕ್ಕಳಲ್ಲಿ ಕೂದಲು ಬಣ್ಣಗುಂದಿ ಕೆಂಚಗಾಗುವುದು ತೀವ್ರ ಅಪೌಷ್ಟಿಕತೆಯ ಲಕ್ಷಣಗಳಲ್ಲೊಂದು. 1935ರಲ್ಲಿ ವೈದ್ಯೆ ಸಿಸಿಲಿ ವಿಲಿಯಮ್ಸ್ ಇಂದಿನ ಘಾನಾದ ಗಾ ಭಾಷೆಯಿಂದ ಕ್ವಾಶಿಯೋರ್ಕರ್ ಎಂಬ ಹೆಸರನ್ನು ವೈದ್ಯಶಾಸ್ತ್ರಕ್ಕೆ ತಂದದ್ದು ಈ ಲಕ್ಷಣವನ್ನೂ ಒಳಗೊಂಡ ಕಾಯಿಲೆಗೆ. ಸ್ಥಳೀಯ ತಾಯಂದಿರ ಪದವೇ ಶಾಸ್ತ್ರದ ಪದವಾಯಿತು. ಕನ್ನಡದಲ್ಲಿ ತಾಯಿಯೊಬ್ಬಳನ್ನು 'ಮಗುವಿನ ಕೂದಲು ಕಂದುಬಣ್ಣಕ್ಕೆ ತಿರುಗಿದೆಯೇ' ಎಂದು ಕೇಳುವುದಕ್ಕೂ 'ಮಗೀನ ಕೂದ್ಲು ಕೆಂಚಗಾಗಿದ್ಯಾ' ಎಂದು ಕೇಳುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಬಣ್ಣದ ಡಬ್ಬಿಯ ಮಾತು. ಎರಡನೆಯದರಲ್ಲಿ ಆಗುವಿಕೆಯೂ ಇದೆ, ಕಾಳಜಿಯೂ ಇದೆ. ಬಂದ ಉತ್ತರವನ್ನು ನಂಬಬಹುದು. ಸೌಜನ್ಯದ ಹೆಸರಿನಲ್ಲಿ ಕೆಂಚುವನ್ನು ಪ್ರಶ್ನಾವಳಿಯಿಂದ ಹೊರಗಿಡುವುದನ್ನು ನಾವು ಒಪ್ಪಲಾರೆವು.

ಕೋಶರಚನೆಗೆ ಸಂಬಂಧಿಸಿದಂತೆ ನಮ್ಮ ಸಲಹೆ ಹೀಗಿದೆ. ಆಬರ್ನ್ ಎಂಬುದಕ್ಕೆ ಒಂದೇ ಸಮಾನಪದ ಸಾಲದು. ಬಣ್ಣವನ್ನಷ್ಟೇ ಗುರುತಿಸಬೇಕಾದಲ್ಲಿ, ಉದಾಹರಣೆಗೆ ಕೂದಲ ಬಣ್ಣದ ಪೊಟ್ಟಣದ ಮೇಲೆ ಅಥವಾ ಬೆಳ್ಳಕ್ಕಿಯ ಗರಿಯನ್ನು ವರ್ಣಿಸುವ ಕೈಪಿಡಿಯಲ್ಲಿ, ಕೆಂಗಂದು ತಕ್ಕುದು; ಹುಟ್ಟಿನಿಂದ ಬಂದ ಅಥವಾ ದೇಹಸ್ಥಿತಿಯಿಂದ ಆದ ಕೂದಲಿಗೆ ಕೆಂಚು, ಅದರ ಧ್ವನ್ಯರ್ಥದ ಟಿಪ್ಪಣಿಯೊಂದಿಗೆ. 15, 16ನೇ ಶತಮಾನಗಳ ಪಠ್ಯಗಳಿಗೆ ಇವೆರಡೂ ಸಲ್ಲವು, ಅಲ್ಲಿ ಬೇಕಾದದ್ದು ತಿಳಿಹೊಂಬಣ್ಣ. ಕಂದು ಎಂಬಲ್ಲಿ ಕ್ರಿಯಾಪದ, ಕಪ್ಪು ಅಥವಾ ಕಲೆ ಎಂಬ ಹಳೆಯ ನಾಮ ಮತ್ತು ಇಂದಿನ ಬಣ್ಣವಾಚಿಗಳನ್ನು ಕಾಲಕ್ರಮದಲ್ಲಿ ಬೇರೆಬೇರೆಯಾಗಿ ತೋರಿಸಬೇಕು. ನಾಲ್ಕನೆಯದಾಗಿ ಇನ್ನೊಂದು ಕಂದು ಉಂಟು: ದನದ ಎಳೆಗರು ಅಥವಾ ಬಸಿರು ಎಂಬ ಅರ್ಥದ್ದು. ತಮಿಳಿನಲ್ಲಿ ಇದರ ಸಜಾತಿಯೂ 'ಕನ್ಱು' ಆಗಿರುವುದರಿಂದ ಈ ಸಮಧ್ವನಿ ಜೋಡಿ ಎರಡು ಭಾಷೆಗಳಲ್ಲಿಯೂ ಸಮಾನಾಂತರವಾಗಿ ಉಳಿದುಬಂದಿದೆ. ಹಸು ಕಂದು ಹಾಕಿತು ಎಂದರೆ ಗರ್ಭಪಾತವಾಯಿತು ಎಂದರ್ಥ. ಪಶುವೈದ್ಯರು ಬ್ರೂಸೆಲ್ಲೋಸಿಸ್ಸನ್ನು ಕಂದು ರೋಗ ಎನ್ನುವುದು ಈ ನಾಲ್ಕನೆಯ ಉಲ್ಲೇಖದಡಿ ಬರಬೇಕೇ ಹೊರತು ಬಣ್ಣದ ಉಲ್ಲೇಖದಡಿ ಅಲ್ಲ.